ಇಲ್ಲದ ಲೋಕದ ದೇವರುಗಳು

ಕಳೆದ ದಸರೆಯ ರಜೆಗೆ ಮನೆಗೆ ಬಂದಿದ್ದ ನನ್ನ ಮಗ ಬೆಂಗಳೂರಿಗೆ ಹಿಂದಿರುಗುವ ಗಡಿಬಿಡಿಯಲ್ಲಿ ಒಂದು ಪುಸ್ತಕವನ್ನು ಊಟದ ಮೇಜಿನ ಮೇಲೆಯೇ ಬಿಟ್ಟುಹೋದನು. ಎಂಜಿನಿಯರಿಂಗ್ ಓದುವ ಹುಡುಗನ ಪುಸ್ತಕ; ನನಗೆ ತಿಳಿಯುವಂಥದೇನೂ ಅದರಲ್ಲಿ ಇರಲಾರದೆಂದು ಎತ್ತಿಡಲು ಹೋದೆ. ತೆರೆದಿದ್ದ ಪುಟದಲ್ಲಿ ಒಬ್ಬ ದೇವತೆಯ ಹುಟ್ಟು, ಅವಳ ಮಕ್ಕಳು, ಅವಳಿಗೆ ಸಲ್ಲುವ ಹಬ್ಬಗಳು, ಅವಳ ಪೂಜೆ ಮಾಡುವವರಿಗೆ ಇರಬೇಕಾದ ಲಕ್ಷಣಗಳು, ಇವೆಲ್ಲ ಕಂಡವು. ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತೆ. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತ, ಪುರಾಣವನ್ನೂ ಜಾನಪದವನ್ನೂ ಅಷ್ಟಿಷ್ಟು ಓದಿಕೊಂಡು ಬಂದಿರುವ ನನಗೆ ಐರಿಥಾ ಎಂಬ ಈ ದೇವತೆಯ ಹೆಸರು ಎಲ್ಲಿಯೂ ಸಿಕ್ಕಿರಲಿಲ್ಲ. ಯಾವ ದೇಶದವಳಿರಬಹುದು? ಹತ್ತು ಪುಟ ಓದಿದ ಮೇಲೆ ತಿಳಿಯಿತು, ಅಂಥ ದೇಶವೇ ಇಲ್ಲ. ಅದು ಒಂದು ಆಟದ ಪುಸ್ತಕ.

ಪಾಠ ಹೇಳುವವರ ಕೈ ಪೆನ್ಸಿಲ್ ಇಲ್ಲದೆ ಓದಲಾರದು. ಬಿರುಗಾಳಿಯ ದೇವನೊಬ್ಬ ಬಂದ ಕಡೆ ಅಂಚಿನಲ್ಲಿ ‘ಇಂದ್ರ?’ ಎಂದು ಬರೆದೆ. ಮನುಷ್ಯರಲ್ಲಿ ಮೊದಲು ಸತ್ತು, ಸತ್ತವರಿಗೆಲ್ಲ ನ್ಯಾಯಾಧಿಪತಿಯಾದವನೊಬ್ಬ ಬಂದನು. ಅಲ್ಲಿ ‘ಯಮ, ಋಗ್ವೇದ ನೋಡು’ ಎಂದು ಬರೆದೆ. ನೆಲದೊಳಗೆ ಹೂತುಹೋದ ಹಿಂಡುಗಳ ತಾಯಿ ಐರಿಥಾಳ ಪಕ್ಕದಲ್ಲಿ ‘ಭೂದೇವಿ’ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ. ದೀಪಾವಳಿಗೆ ಬಂದ ಮಗ ಈ ಕೆಂಪು ಗುರುತುಗಳನ್ನು ನೋಡಿ ಕೋಪಿಸಿಕೊಳ್ಳಬಹುದೆಂದುಕೊಂಡಿದ್ದೆ. ಅವನು ಬಿದ್ದು ಬಿದ್ದು ನಕ್ಕನು. “ಅಮ್ಮ, ನೀನು ಅಪ್ಪಟ ಗಾಡ್ ಲರ್ನರ್!” ಎಂದನು. ಹಾಗೆಂದರೇನೆಂದು ಕೇಳಿದರೆ, “ಪೂರ್ತಿ ಓದು, ಗೊತ್ತಾಗುತ್ತೆ” ಎಂದು ಎದ್ದುಹೋದನು. ವಿದ್ಯಾರ್ಥಿಗಳಿಗೆ ನಾನು ದಿನವೂ ಹೇಳುವ ಮಾತು ನನಗೇ ಹಿಂದಿರುಗಿ ಬಂದಿತ್ತು. ಓದದೆ ವಿಧಿಯಿರಲಿಲ್ಲ.

ಈ ಬಗೆಯ ಆಟವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ; ಉಳಿದವರದು ಒಬ್ಬೊಬ್ಬರದು ಒಂದೊಂದು ಪಾತ್ರ. ಸೂತ್ರಧಾರನು ಸನ್ನಿವೇಶವನ್ನು ಬಣ್ಣಿಸುತ್ತಾನೆ; ಪಾತ್ರಧಾರಿಗಳು ತಾವೇನು ಮಾಡುವೆವೆಂಬುದನ್ನು ಹೇಳುತ್ತಾರೆ; ಫಲ ಏನಾದೀತೆಂಬ ಸಂದೇಹ ಬಂದಲ್ಲಿ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ, ಮೊದಲೇ ಬರೆದಿಟ್ಟ ಮಾತಿಲ್ಲ. ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು. (ನೋಡಿ, ಹೋಲಿಕೆ ಮತ್ತೆ ನುಸುಳಿತು.) ಅಮೆರಿಕದಲ್ಲಿ ೧೯೭೪ರಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಇಂಥ ಆಟಗಳಲ್ಲಿ ಮಾರಾಟಕ್ಕೆ ಬಂದ ಮೊದಲನೆಯದು.

ಆ ಆಟಕ್ಕೂ ದೇವರುಗಳು ಬೇಕಾದರು. ೧೯೮೦ರಲ್ಲಿ ಅದಕ್ಕಾಗಿ ಹೊರಟ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಸಂಪುಟದಲ್ಲಿ ಗ್ರೀಕರ ಜ್ಯೂಸ್, ಉತ್ತರ ಯೂರೋಪಿನ ಓಡಿನ್ ಮೊದಲಾದವರೊಂದಿಗೆ ನಮ್ಮ ಇಂದ್ರ, ಅಗ್ನಿ, ವರುಣ, ಕಾಳಿ, ಯಮ ಇವರೂ ಸಾಲಾಗಿ ನಿಂತಿದ್ದಾರೆ. ಪ್ರತಿಯೊಬ್ಬರ ಹೆಸರಿನ ಕೆಳಗೆ ಅಂಕಿಗಳು: ಎಷ್ಟು ಪೆಟ್ಟನ್ನು ತಾಳಿಕೊಳ್ಳಬಲ್ಲರು, ಕವಚ ಎಂಥದು, ಯಾವ ಆಯುಧದಿಂದ ಎಷ್ಟು ಗಾಯ ಮಾಡಬಲ್ಲರು. ಪಾಠಶಾಲೆಯ ಹುಡುಗರು ಕ್ರಿಕೆಟ್ ಆಟಗಾರರ ಚಿತ್ರದ ಹಿಂದಿನ ಅಂಕಿಗಳನ್ನು ಹೋಲಿಸಿ ಯಾರು ಹೆಚ್ಚೆಂದು ಜಗಳವಾಡುವುದುಂಟಲ್ಲ, ಅದೇ ರೀತಿ. ದೇವರ ಬಗೆಗೆ ಎಲ್ಲವನ್ನೂ ಹೇಳಿದಂತೆ ತೋರುವ ಈ ಅಂಕಿಗಳು, ಆ ದೇವರನ್ನು ನಂಬಿದವನು ಬೆಳಗ್ಗೆ ಎದ್ದು ಏನು ಮಾಡುತ್ತಾನೆಂಬುದನ್ನು ಮಾತ್ರ ಹೇಳುವುದಿಲ್ಲ.

ನನ್ನ ಮಗನ ಪುಸ್ತಕ ಹುಟ್ಟಿದ್ದು ಬೇರೆ ಬೇರಿನಿಂದ. ಗ್ರೆಗ್ ಸ್ಟಾಫರ್ಡ್ ಎಂಬಾತ (೧೯೪೮–೨೦೧೮) ೧೯೬೬ರಲ್ಲಿ, ಇಂಥ ಆಟಗಳ ಸುದ್ದಿಯೇ ಇಲ್ಲದ ಕಾಲದಲ್ಲಿ, ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಗ್ಲೊರಾಂಥ ಎಂಬ ಲೋಕವೊಂದರ ಕತೆಗಳನ್ನು ಬರೆಯತೊಡಗಿದನು. ಲೋಕದ ಪುರಾಣಗಳನ್ನೆಲ್ಲ ಹಸಿದವನಂತೆ ಓದಿದ ತರುಣ ಅವನು. ಪ್ರಕಾಶಕರು ಆ ಕತೆಗಳನ್ನು ಒಲ್ಲೆನೆಂದರು. ಆಗ ಅವನು ಅದೇ ಲೋಕವನ್ನು ಒಂದು ಹಲಗೆಯ ಮೇಲಿನ ಯುದ್ಧದ ಆಟವಾಗಿ ಮಾಡಿ, ಅದನ್ನು ಹೊರತರಲೆಂದೇ ೧೯೭೫ರಲ್ಲಿ ಕೇಯಾಸಿಯಂ ಎಂಬ ಸಂಸ್ಥೆಯನ್ನು ತೆರೆದನು. ೧೯೭೮ರಲ್ಲಿ ಸ್ಟೀವ್ ಪೆರಿನ್ ಮತ್ತು ಅವನ ಗೆಳೆಯರು ಈ ಲೋಕಕ್ಕಾಗಿ ‘ರೂನ್‌ಕ್ವೆಸ್ಟ್’ ಎಂಬ ಪಾತ್ರದ ಆಟದ ನಿಯಮಗಳನ್ನು ರಚಿಸಿದರು. ಮರುವರ್ಷ ೧೯೭೯ರಲ್ಲಿ ಪೆರಿನ್ ಮತ್ತು ಸ್ಟಾಫರ್ಡ್ ಇಬ್ಬರೂ ಸೇರಿ ಬರೆದ ‘ಕಲ್ಟ್ಸ್ ಆಫ್ ಪ್ರಾಕ್ಸ್’ ಬಂದಿತು. ನನ್ನ ಊಟದ ಮೇಜಿನ ಮೇಲಿದ್ದದ್ದು ಅದರ ಮರುಮುದ್ರಣ.

‘ಕಲ್ಟ್’ ಎಂಬ ಶಬ್ದವನ್ನು ಕನ್ನಡಿಸುವುದು ಹೇಗೆ? ಪಂಥವೆಂದರೆ ತತ್ತ್ವದ ವಾಸನೆ ಬರುತ್ತದೆ. ಸಂಪ್ರದಾಯವೆಂದರೆ ಮಠದ ನೆರಳು ಬೀಳುತ್ತದೆ. ಆರಾಧನೆಯೆಂದರೆ ಅದು ಒಂದು ದಿನದ ಕೆಲಸವಾಗಿಬಿಡುತ್ತದೆ. ನಿಘಂಟುಗಳನ್ನು ತಿರುವಿ ಬೇಸತ್ತ ಮೇಲೆ ನನಗೆ ಹೊಳೆದ ಶಬ್ದ ನಮ್ಮ ಹಳ್ಳಿಯವರ ಬಾಯಲ್ಲಿರುವುದು: ಒಕ್ಕಲು. ‘ನಾವು ಇಂಥ ದೇವರ ಒಕ್ಕಲು’ ಎನ್ನುತ್ತಾರೆ. ನಂಬಿಕೆಯ ಮಾತು ಅಲ್ಲಿ ಎತ್ತುವುದೇ ಇಲ್ಲ. ಇವರು ಆ ದೇವರಿಗೆ ಸೇರಿದವರು, ಕೊಡಬೇಕಾದ್ದನ್ನು ಕೊಡುವವರು, ಪಡೆಯಬೇಕಾದ್ದನ್ನು ಪಡೆಯುವವರು, ಅಷ್ಟೆ. ಸ್ಟಾಫರ್ಡನ ಪುಸ್ತಕದ ಹದಿನೈದು ಅಧ್ಯಾಯಗಳು ಹದಿನೈದು ಒಕ್ಕಲುತನಗಳ ವಿವರಣೆ. ಅಲ್ಲಿ ದೇವರ ಬಲದ ಅಂಕಿಗಳಿಲ್ಲ. ಪ್ರತಿಯೊಂದು ಅಧ್ಯಾಯವೂ ಹೆಚ್ಚು ಕಡಮೆ ಒಂದೇ ವರಸೆಯ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ: ಈ ದೇವರ ಕತೆಯೇನು? ಸತ್ತ ಮೇಲೆ ಇವನ ಒಕ್ಕಲಿನ ಗತಿಯೇನು? ಜನ ಇವನನ್ನು ಏಕೆ ಆಶ್ರಯಿಸುತ್ತಾರೆ, ನೆರೆಹೊರೆಯವರು ಇವರನ್ನು ಯಾವ ದೃಷ್ಟಿಯಿಂದ ನೋಡುತ್ತಾರೆ? ಹೊರಗಿನಿಂದ ಕೈಮುಗಿಯುವವನಾರು, ದೀಕ್ಷೆ ಪಡೆದವನಾರು, ಪೂಜಾರಿಯಾಗುವವನು ಏನನ್ನು ಬಿಡಬೇಕು? ಯಾವ ದೇವರೊಡನೆ ನೆಂಟಸ್ತನ, ಯಾವ ದೇವರೊಡನೆ ಹಗೆ? ಬಿಟ್ಟುಹೋದವನ ಬೆನ್ನು ಹತ್ತುವ ಶಕ್ತಿ ಯಾವುದು? ದೀಕ್ಷೆ ಪಡೆದವನು ತನ್ನ ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲನ್ನು ಗುಡಿಗೆ ಕೊಡಬೇಕು. ಆಟದಲ್ಲಿ ಎಲ್ಲರಿಗೂ ಒಂದಲ್ಲ ಒಂದು ಒಕ್ಕಲುತನ ಇದ್ದೇ ಇರುವುದರಿಂದ, ಪಾತ್ರವೊಂದು ಏನು ಮಾಡೀತು, ಏನನ್ನು ಮಾಡಲಾರದು ಎಂಬುದು ಈ ಕಟ್ಟುಪಾಡುಗಳಿಂದಲೇ ಮೂಡುತ್ತದೆ.

ಹುಮಾಕ್ತ್ ಎಂಬ ದೇವನನ್ನು ನೋಡಿ. ಕತ್ತಿಯೂ ಸಾವೂ ಅವನವು. ಅವನ ತಮ್ಮ ಆರ್ಲಾಂತ್ ಆ ಸಾವೆಂಬ ಆಯುಧವನ್ನು ಒಯ್ದು ಸೂರ್ಯನನ್ನು ಕೊಂದಾಗ, ಹುಮಾಕ್ತ್ ಆ ಕುಟುಂಬದೊಡನೆ ರಕ್ತಸಂಬಂಧವನ್ನೇ ಕಡಿದುಕೊಂಡನು. ಆದ್ದರಿಂದ ಅವನ ಒಕ್ಕಲಿನವರು ಮಾತಿಗೆ ತಪ್ಪುವಂತಿಲ್ಲ. ಮತ್ತು ಸತ್ತ ಮೇಲೆ ಅವರನ್ನು ಯಾರೂ ಬದುಕಿಸುವಂತಿಲ್ಲ. ಸತ್ತವರನ್ನು ಬದುಕಿಸುವ ವಿದ್ಯೆ ಇರುವ ಲೋಕದಲ್ಲಿ ಇದು ಸಣ್ಣ ವ್ರತವಲ್ಲ. ಆ ವಿದ್ಯೆ ಚಲಾನ ಅರಾಯ್ ಎಂಬ ವೈದ್ಯದೇವತೆಯದು. ಅವಳ ದೀಕ್ಷೆ ಪಡೆದವರು ಬುದ್ಧಿಯುಳ್ಳ ಯಾವ ಜೀವಿಗೂ ನೋವು ಮಾಡುವಂತಿಲ್ಲ, ತಮ್ಮ ಪ್ರಾಣಕ್ಕೆ ಸಂಚಕಾರ ಬಂದಾಗಲೂ. ಇನ್ನು ಲಾಂಕರ್ ಮೈ ಎಂಬವನು ವಿದ್ಯೆಯ ದೇವರು. ಅವನ ಗುಡಿಗಳೇ ಗ್ರಂಥಭಂಡಾರಗಳು. ಅವನ ಒಕ್ಕಲಿನವರೆಲ್ಲ ಗಡ್ಡ ಬಿಡಬೇಕು. ವಿದ್ವಾಂಸರಾದ ಹೆಂಗಸರು ಕಟ್ಟುಗಡ್ಡ ಧರಿಸಬೇಕು! ಈ ಪುಟವನ್ನು ಓದಿದಾಗ ನನಗೆ ನಗು ಬಂದಿತು. ಬಳಿಕ ಅಷ್ಟೇನೂ ನಗು ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿದ್ವತ್ಸಭೆಗಳಲ್ಲಿ ಮಾತನಾಡಬೇಕಾದಾಗಲೆಲ್ಲ ಧ್ವನಿಯನ್ನು ತಗ್ಗಿಸಿ ದಪ್ಪ ಮಾಡಿಕೊಳ್ಳುತ್ತಿದ್ದದ್ದು ನೆನಪಾಯಿತು.

ಪುಸ್ತಕದ ಹೆಸರಿನಲ್ಲಿರುವ ಪ್ರಾಕ್ಸ್ ಒಂದು ಬಂಜರು ಬಯಲು. ಒಂದು ಕಾಲಕ್ಕೆ ಹಸುರಾಗಿದ್ದುದು ದೇವಾಸುರ ಯುದ್ಧದಲ್ಲಿ ಸುಟ್ಟುಹೋಯಿತು. ಉಳಿದದ್ದು ಎಲ್ಲರಿಗೂ ಸಾಲದಷ್ಟು ಹುಲ್ಲು. ಆಗ ವಾಹ ಎಂಬ ದೇವನು ಮನುಷ್ಯರಿಗೂ ಮೃಗಗಳಿಗೂ ಒಂದು ಒಡಂಬಡಿಕೆ ಮಾಡಿಸಿದನು: ಒಂದೊಂದು ಜನವೂ ಒಂದೊಂದು ಮೃಗದೊಡನೆ ಪಣವಿಡಬೇಕು, ಸೋತವರು ಹುಲ್ಲು ಮೇಯಬೇಕು, ಗೆದ್ದವರು ಸೋತವರನ್ನು ತಿಂದು ಬದುಕಬೇಕು. ಕಾಡೆಮ್ಮೆಯನ್ನು ಗೆದ್ದವರು, ಜಿಂಕೆಯನ್ನು ಗೆದ್ದವರು, ಹೀಗೆ ಕುಲಗಳಾದವು. ಎಲ್ಲ ಕಡೆಯೂ ಮನುಷ್ಯನೇ ಗೆದ್ದನೆ? ಇಲ್ಲ. ಮೊರೊಕಾಂತ್ ಎಂಬ ಒಂದು ಪ್ರಾಣಿ ಮನುಷ್ಯನನ್ನು ಗೆದ್ದಿತು. ಇಂದಿಗೂ ಆ ಬಯಲಿನಲ್ಲಿ ಮೊರೊಕಾಂತ್‌ಗಳು ಮನುಷ್ಯರ ಹಿಂಡನ್ನು ಮೇಯಿಸುತ್ತವೆ. ಆ ಮನುಷ್ಯರಿಗೆ ಮಾತಿಲ್ಲ, ಬುದ್ಧಿಯಿಲ್ಲ. ಕೊಲ್ಲುವಾಗಲೂ ವಾಹ ಕಲಿಸಿದ ರೀತಿಯಲ್ಲೇ, ಮಂತ್ರ ಹೇಳಿ, ನೆಮ್ಮದಿಯಿಂದ ಕೊಯ್ಯಬೇಕು. ಹಾಗೆ ಮಾಡಿದರೆ ಮೃಗದ ಪ್ರಾಣ ನೆಲದೊಳಗಿರುವ ತಾಯಿ ಐರಿಥಾಳ ಬಳಿಗೆ ಹೋಗಿ ಮತ್ತೆ ಹುಟ್ಟಿಬರುತ್ತದೆ. ಇಲ್ಲದಿದ್ದರೆ ಹಿಂಡು ಕ್ಷಯಿಸುತ್ತದೆ. ಹಿಂಡನ್ನು ಸಾಕುವ ಹೆಂಗಸರು ಐರಿಥಾಳ ಒಕ್ಕಲು, ಕಾದು ಕೊಯ್ಯುವ ಗಂಡಸರು ವಾಹನ ಒಕ್ಕಲು. ಅಂಚಿನಲ್ಲಿ ನಾನು ಬರೆದಿದ್ದ ‘ಭೂದೇವಿ’ ಇವಳಲ್ಲವೇ ಅಲ್ಲವೆಂದು ಇಲ್ಲಿಗೆ ಬರುವ ಹೊತ್ತಿಗೆ ಸಂದೇಹ ಹುಟ್ಟಿತು. ತಾನು ಗೆದ್ದದ್ದು ಒಂದು ಪಣದಿಂದ ಮಾತ್ರ, ಸೋಲಬಹುದಾಗಿತ್ತು, ಪಕ್ಕದ ಬಯಲಿನಲ್ಲಿ ಸೋತೇ ಇದ್ದಾನೆ ಎಂಬ ಅರಿವಿನಿಂದ ಮಾಂಸ ಉಣ್ಣುವ ಜನರ ತಾಯಿ ಇವಳು. ಈ ಅರಿವು ಅವಳಿಂದ ಕಳಚಿದರೆ ಅಲ್ಲಿ ಉಳಿಯುವುದು ಬರಿಯ ಮಣ್ಣು.

ಈ ಒಕ್ಕಲುಗಳನ್ನೆಲ್ಲ ಒಬ್ಬ ವ್ಯಾಪಾರಿಯ ದಿನಚರಿ ಪೋಣಿಸುತ್ತದೆ. ಬಿಟೂರಿಯನ್ ವರೋಶ್ ಎಂಬವನು ಸಂತೆಯ ದೇವರು ಇಸ್ಸಾರೀಸನ ಒಕ್ಕಲು. ಸರಕು ಹೇರಿಕೊಂಡು ಬಯಲಿನಲ್ಲಿ ಅಲೆಯುತ್ತ, ಹೋದ ಹೋದಲ್ಲಿ ಕಂಡ ದೇವರನ್ನೂ ಪೂಜಾರಿಯನ್ನೂ ಲಾಭನಷ್ಟದ ಲೆಕ್ಕದ ನಡುವೆ ಬರೆದಿಡುತ್ತಾನೆ. ಸಾಹಿತ್ಯವೆಂದು ನೋಡಿದರೆ ಪುಸ್ತಕದ ಸೊಗಸಾದ ಭಾಗ ಇದೇ. ಉಳಿದ ಭಾಗದಲ್ಲಿ ಹೆಸರುಗಳ ಕಾಡೂ ನೂರಕ್ಕಿಷ್ಟು ಎಂಬ ಲೆಕ್ಕಗಳೂ ಅತಿಯಾಗಿ, ನನ್ನಂಥವರು ಎಡವುತ್ತಾರೆ. ಎಲ್ಲ ದೇವರೂ ಏನಾದರೊಂದು ಕಾಳಗಕ್ಕೆ ಒದಗಬೇಕೆಂಬ ಆಟದ ಒತ್ತಾಯವೂ ಅಲ್ಲಲ್ಲಿ ಇಣುಕುತ್ತದೆ.

ಇನ್ನು ‘ಇಂದ್ರ?’ ಎಂದು ನಾನು ಬರೆದಿದ್ದ ಆರ್ಲಾಂತನ ವಿಷಯ. ಯೆಲ್ಮ್ ಎಂಬ ಸೂರ್ಯ ಚಕ್ರವರ್ತಿಯೊಡನೆ ಆರ್ಲಾಂತ್ ಕುಣಿತ, ಸಂಗೀತ ಮೊದಲಾದವುಗಳಲ್ಲಿ ಸ್ಪರ್ಧಿಸಿ, ಸೋತೆಯೆಂಬ ತೀರ್ಪು ಬಂದಾಗ, ಸಾವೆಂಬ ಹೊಸ ಆಯುಧದಿಂದ ಅವನನ್ನು ಕೊಂದನು. ಲೋಕಕ್ಕೆ ಕತ್ತಲೆ ಕವಿಯಿತು, ಚಳಿ ಬಂದಿತು, ಲೋಕದ ಹೊರಗಿದ್ದ ಅವ್ಯವಸ್ಥೆ ಒಳನುಗ್ಗಿತು, ದೇವರುಗಳೇ ಸತ್ತರು. ಕಡೆಗೆ ಆರ್ಲಾಂತ್ ತನ್ನ ತಪ್ಪನ್ನು ತಾನೇ ಸರಿಪಡಿಸಬೇಕೆಂದು, ವ್ಯಾಪಾರಿ, ವಿದ್ವಾಂಸ, ವೈದ್ಯೆ, ವಿದೂಷಕ ಮೊದಲಾದ ಆರು ಜನರೊಡನೆ ಪಾತಾಳಕ್ಕೆ ಇಳಿದು, ತಾನು ಕೊಂದ ಸೂರ್ಯನೆದುರು ನಿಂತು, ತನ್ನ ಅಪರಾಧವನ್ನು ಒಪ್ಪಿಕೊಂಡನು. ಸೂರ್ಯ ಮತ್ತೆ ಹುಟ್ಟಿದನು. ಅಂದಿನಿಂದ ಕಾಲವೆಂಬುದು ಮೊದಲಾಯಿತು. ಉಳಿದ ದೇವರುಗಳು ಇನ್ನು ಮೇಲೆ ಕಾಲದೊಳಗೆ ತಾವಾಗಿ ಕೈಹಾಕುವುದಿಲ್ಲವೆಂದು ಒಡಂಬಟ್ಟರು. ಆದ್ದರಿಂದಲೇ ಅವರಿಗೆ ಒಕ್ಕಲು ಬೇಕು. ಮನುಷ್ಯರ ಕೈಯಲ್ಲದೆ ಅವರಿಗೆ ಬೇರೆ ಕೈಯಿಲ್ಲ.

ಇದು ಬಿರುಗಾಳಿಯ ಒಕ್ಕಲಿನವರು ಹೇಳುವ ಕತೆ. ಸೂರ್ಯನ ಒಕ್ಕಲಿನವರ ಬಾಯಲ್ಲಿ ಅದೇ ಆರ್ಲಾಂತ್ ಧರ್ಮಪ್ರಭುವನ್ನು ಕೊಂದ ದ್ರೋಹಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಕತೆ. ಟ್ರೋಲ್‌ಗಳೆಂಬ ಕತ್ತಲೆಯ ಜನ ಪಾತಾಳದಲ್ಲಿ ತಾಯಿ ಕೈಗರ್ ಲಿಟರಳ ಮಡಿಲಲ್ಲಿ ಸುಖವಾಗಿದ್ದರು. ಮೇಲೆ ಯಾರೋ ಯಾರನ್ನೋ ಕೊಂದರು. ಸತ್ತ ಸೂರ್ಯ ಉರಿಯುತ್ತ ಇವರ ಮನೆಯೊಳಗೆ ಬಿದ್ದನು! ಸುಟ್ಟುಕೊಂಡವರು ಸುಟ್ಟುಕೊಂಡರು, ಉಳಿದವರು ಮೇಲಿನ ಲೋಕಕ್ಕೆ ಓಡಿಬಂದು ನಿರಾಶ್ರಿತರಾದರು. ಮುಂದೆ ಒಂದು ಯುದ್ಧದಲ್ಲಿ ಶಾಪವೂ ತಗುಲಿ, ಅವರಿಗೆ ಹುಟ್ಟುವ ಮಕ್ಕಳು ಹೆಚ್ಚಾಗಿ ಕುಗ್ಗಿದ, ಬಲವಿಲ್ಲದ ಮಕ್ಕಳಾದರು. ನಾವು ಕತೆಗಳಲ್ಲಿ ರಾಕ್ಷಸರೆಂದು ಓದಿ ಮುಂದೆ ಹೋಗುವಂಥ ಜನ ಇವರು. ಇಲ್ಲಿ ಅವರು ಬಸಿರಿನ ದುಃಖವುಳ್ಳ ತಾಯಂದಿರು. ಮೂರು ಕತೆಗಳಲ್ಲಿ ಯಾವುದು ನಿಜವೆಂದು ಸ್ಟಾಫರ್ಡ್ ಹೇಳುವುದಿಲ್ಲ. ಮೂರನ್ನೂ ಮೂರು ಬಾಯಿಗಳಲ್ಲಿಟ್ಟು ಸುಮ್ಮನಾಗುತ್ತಾನೆ.

ಪ್ರಾರ್ಥನೆಯ ನಿಯಮವೊಂದನ್ನು ಹೇಳಬೇಕು. ದೀಕ್ಷೆ ಪಡೆದವನು ಪ್ರಾಣಸಂಕಟದಲ್ಲಿ ತನ್ನ ದೇವರನ್ನು ಕರೆಯಬಹುದು. ಆಟಗಾರ ಒಂದರಿಂದ ನೂರರವರೆಗಿನ ದಾಳ ಹಾಕುತ್ತಾನೆ. ಬಿದ್ದ ಅಂಕಿ ಅವನ ಆತ್ಮಶಕ್ತಿಯ ಅಂಕಿಗೆ ಸಮವಾಗಿ ಅಥವಾ ಕೆಳಗೆ ಬಿದ್ದರೆ ದೇವರು ಓಗೊಡುತ್ತಾನೆ. ಸಾಮಾನ್ಯರ ಆತ್ಮಶಕ್ತಿ ಹತ್ತು ಹದಿನೈದರ ಆಸುಪಾಸು. ಆದ್ದರಿಂದ ಕರೆ ಹೆಚ್ಚಾಗಿ ಬರಿದಾಗುತ್ತದೆ. ಓಗೊಟ್ಟರೆ, ಎಷ್ಟು ಅಂಕಿ ಬಿದ್ದಿತೋ ಅಷ್ಟು ಆತ್ಮಶಕ್ತಿ ಅವನಿಂದ ಶಾಶ್ವತವಾಗಿ ಹೋಗಿಬಿಡುತ್ತದೆ. ದಾಳದ ನಿಯಮವೊಂದರಲ್ಲಿ ಭಕ್ತಿಯ ಬೆಲೆಯನ್ನು ಇಷ್ಟು ನೇರವಾಗಿ ಇಟ್ಟಿರುವುದನ್ನು ನಾನು ಕಂಡಿರಲಿಲ್ಲ. ಹೀಗಿದ್ದರೂ ಒಂದು ಕೊರತೆ ಕಾಣುತ್ತದೆ. ಅಲ್ಲಿ ದೇವರು ಇದ್ದಾನೆಯೇ ಎಂಬ ಪ್ರಶ್ನೆಗೆ ಎಡೆಯೇ ಇಲ್ಲ. ಪ್ರತಿ ಮಂತ್ರವೂ ಫಲ ತೋರಿಸುತ್ತದೆ. ಇದ್ದಾನೋ ಇಲ್ಲವೋ ಎಂದು ತಿಳಿಯದೆ ಜಗಳವಾಡಿದವರ ಕಾವ್ಯವನ್ನು ಓದಿ ಬೆಳೆದ ನನಗೆ, ಆ ಲೋಕದಲ್ಲಿ ಅಂಥ ಕವಿಗಳು ಹುಟ್ಟಲಾರರೆನ್ನಿಸಿತು.

ಇಲ್ಲವೆನ್ನುವವರು ಇದ್ದಾರೆ, ಪಡುವಣದಲ್ಲಿ. ಅವರು ದೇವರುಗಳ ಇರವನ್ನು ಅಲ್ಲಗಳೆಯುವುದಿಲ್ಲ. ಪೂಜಿಸಲು ಕಾರಣ ಕಾಣೆವೆನ್ನುತ್ತಾರೆ. ಅವರದು ನಿಯಮದ ಲೋಕ. ರೈತ, ಸೈನಿಕ, ಮಂತ್ರವಾದಿ, ಪ್ರಭು ಎಂದು ನಾಲ್ಕು ವರ್ಗಗಳು. ತಮ್ಮ ವರ್ಗದ ಕಟ್ಟಳೆಯನ್ನು ಮೀರದ ತನಕ ಬ್ರಿಥಿನಿ ಎಂಬವರಿಗೆ ಮುಪ್ಪೂ ಇಲ್ಲ, ಸಾವೂ ಇಲ್ಲ. ನಾಲ್ಕು ವರ್ಗಗಳೆಂದೊಡನೆ ಪೆನ್ಸಿಲ್ ಮತ್ತೆ ಕೈಗೆ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ಮಗ ಹೇಳಿದ ಗಾಡ್ ಲರ್ನರರು ಹುಟ್ಟಿದ್ದು ಈ ಪಡುವಣದವರ ಪರಂಪರೆಯಲ್ಲೇ. ದೇವರನ್ನು ಕಲಿತವರು, ದೈವವಿದರು ಎನ್ನೋಣ.

ಇವರು ಕಡಲಿನ ಸಾಮ್ರಾಜ್ಯ ಕಟ್ಟಿದ ವಿದ್ವಾಂಸರು. ದೇಶದೇಶಗಳ ಪುರಾಣಗಳನ್ನು ಕೂಡಿಸಿ, ಹೋಲಿಸಿ, ಇವನೇ ಅವನು, ಇವಳೇ ಅವಳು ಎಂದು ಗುರುತಿಸಿ, ಎಲ್ಲಕ್ಕೂ ಹಿಂದಿರುವ ಒಂದೇ ಒಂದು ಮೂಲ ಪುರಾಣವನ್ನು ಕಂಡುಹಿಡಿದರು. ಅದು ಬಹುಮಟ್ಟಿಗೆ ಸರಿಯಾಗಿಯೂ ಇದ್ದಿತು, ಕೆಲಸವನ್ನೂ ಮಾಡಿತು. ಇತರರ ದೈವಲೋಕಗಳೊಳಗೆ ಹೋಗಿ ಬೇಕಾದ್ದನ್ನು ತೆಗೆದುಕೊಂಡು ಬರುವಷ್ಟು ಬಲ ಅವರಿಗೆ ಬಂದಿತು. ಒಮ್ಮೆ ತಮ್ಮ ಸಿದ್ಧಾಂತವನ್ನು ತೋರಿಸಿಕೊಡಲೆಂದು ಎರಡು ನಾಡುಗಳ ಅನ್ನದೇವತೆಗಳನ್ನು ಅದಲುಬದಲು ಮಾಡಿದರು. ಇಬ್ಬರೂ ಒಬ್ಬಳೇ ತಾನೆ? ಮೊದಲು ಯಾವ ವ್ಯತ್ಯಾಸವೂ ಕಾಣಲಿಲ್ಲ. ಬಳಿಕ ಬೆಳೆ ಕೈಕೊಟ್ಟಿತು, ಹೊಲಗಳು ಬರಡಾದವು, ಜನ ಹಸಿದರು. ಮುಂದೆ ಕಡಲೇ ಮುಚ್ಚಿಕೊಂಡು ಹಡಗುಗಳು ನಾಶವಾದವು; ದೈವವಿದರ ಸಾಮ್ರಾಜ್ಯವೂ ಅವರ ವಿದ್ಯೆಯೂ ಹೆಸರಿಲ್ಲದಂತೆ ಅಳಿಸಿಹೋದವು.

ಮೂಲ ಪುರಾಣ ಒಂದೇ ಎಂಬ ಮಾತನ್ನು ನಮ್ಮ ಲೋಕದಲ್ಲಿ ಪ್ರಸಿದ್ಧಗೊಳಿಸಿದವನು ಜೋಸೆಫ್ ಕ್ಯಾಂಬೆಲ್. ಸಾವಿರ ಮುಖಗಳ ನಾಯಕನನ್ನು ಕುರಿತ ಅವನ ಗ್ರಂಥ ಬಂದದ್ದು ೧೯೪೯ರಲ್ಲಿ. ಸ್ಟಾಫರ್ಡ್ ಆ ಗ್ರಂಥದಿಂದ ಬಹಳ ಪ್ರಭಾವಿತನಾದವನು. ತನ್ನ ಗುರುವಿನ ಸಿದ್ಧಾಂತವನ್ನೇ ತನ್ನ ಲೋಕದ ಒಂದು ಜನಕ್ಕೆ ಕೊಟ್ಟು, ಅದರ ಬಲವನ್ನೂ ತೋರಿಸಿ, ಅದರಿಂದ ಆ ಜನ ಹಾಳಾದದ್ದನ್ನೂ ತೋರಿಸಿದನೆಂದು ನನಗೆ ತೋರುತ್ತದೆ. ಅವನಿಗೆ ಇದು ಬರಿಯ ಕಲ್ಪನೆಯ ಮಾತಾಗಿರಲಿಲ್ಲ. ಅವನು ಸ್ವತಃ ಶಮನವಿದ್ಯೆಯನ್ನು ಆಚರಿಸುತ್ತಿದ್ದವನು. ೨೦೧೮ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ತನ್ನ ಮನೆಯಲ್ಲಿ, ಕಾದ ಕಲ್ಲಿನ ಹಬೆಯಲ್ಲಿ ಕುಳಿತು ಪ್ರಾರ್ಥಿಸುವ ಗುಡಾರದೊಳಗೆ, ಪ್ರಾಣ ಬಿಟ್ಟನು.

ಈಗ ನನ್ನ ಮಾತು. ಎಂ.ಎ. ಓದುತ್ತಿದ್ದಾಗ ನಾನು ಒಂದು ಪ್ರಬಂಧ ಬರೆದೆ. ಹಾಸನ ಜಿಲ್ಲೆಯಲ್ಲಿರುವ ನನ್ನ ತವರಿನ ಕೆರೆ ಕೋಡಿಯ ಪಕ್ಕದಲ್ಲಿ ಒಂದು ಕಲ್ಲು, ಅದು ಕೋಡಮ್ಮ. ನಾವು ಅವಳ ಒಕ್ಕಲು. ನನ್ನ ಪ್ರಬಂಧದ ಪ್ರಕಾರ ಕೋಡಮ್ಮನು ಮಾರಿಯ ಒಂದು ರೂಪ, ಮಾರಿ ದುರ್ಗೆಯ ಒಂದು ರೂಪ, ದುರ್ಗೆ ಆದಿಮಾತೆಯ ಒಂದು ರೂಪ. ಅಡಿಟಿಪ್ಪಣಿಗಳು ಪ್ರಬಂಧಕ್ಕಿಂತ ಉದ್ದವಾಗಿದ್ದವು. ಒಳ್ಳೆಯ ಅಂಕವೂ ಬಂದಿತು. ಅದನ್ನು ಹೆಮ್ಮೆಯಿಂದ ನನ್ನ ಸೋದರತ್ತೆಗೆ ಓದಿ ಹೇಳಿದೆ. ಕೋಡಮ್ಮನ ಅಂಬಲಿ ಗಡಿಗೆ ಹೊರುವವರು ಅವರೇ. ಪೂರ್ತಿ ಕೇಳಿ, “ನಿನ್ನ ದುರ್ಗಮ್ಮ ನಮ್ಮ ಕೆರೆ ಕಾಯ್ತಾಳೇನವ್ವಾ?” ಎಂದರು. ನಾನು ನಕ್ಕು, ಇದು ಶಾಸ್ತ್ರದ ಮಾತು, ನಿಮಗೆ ತಿಳಿಯದೆಂದೆ. ಕೆಲವು ವರ್ಷಗಳ ಮೇಲೆ ಊರಿನ ಹಿರಿಯರು ದೇವಸ್ಥಾನ ಕಟ್ಟಿಸುವ ಮಾತು ಬಂದಾಗ, ನನ್ನ ಪ್ರಬಂಧವನ್ನೇ ತರಿಸಿಕೊಂಡು ನೋಡಿ, ಶಿಲ್ಪಿಯಿಂದ ಎಂಟು ಕೈಗಳ ದುರ್ಗೆಯನ್ನು ಮಾಡಿಸಿದರು. ಕಲ್ಲು ಈಗ ಗುಡಿಯ ಹಿಂದೆ ಇದೆ. ಅಂಬಲಿ ಗುಡಿಯೊಳಕ್ಕೆ ಹೋಗುವುದಿಲ್ಲ. ಈ ವಿಷಯವನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಕಾರ್ತಿಕದಲ್ಲಿ ಕೆರೆ ಕೋಡಿ ಬಿದ್ದಿತೆಂದು ಸುದ್ದಿ ಬಂದಾಗ ಮಗನನ್ನು ಕರೆದುಕೊಂಡು ಊರಿಗೆ ಹೋದೆ. ಚಿಕ್ಕಂದಿನಿಂದ ಅವನಿಗೆ ಈ ಪ್ರಯಾಣ ಬೇಸರ; ಆ ಸಲ ತಾನಾಗಿಯೇ ಹೊರಟನು. ಅತ್ತೆಗೆ ಈಗ ಎಂಬತ್ತರ ಹತ್ತಿರ. ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕುಳಿತು ಅವನು ಪ್ರಶ್ನೆ ಕೇಳತೊಡಗಿದನು. ಪ್ರಶ್ನೆಗಳ ವರಸೆ ನನಗೆ ಗುರುತು ಸಿಕ್ಕಿತು, ಪುಸ್ತಕದ್ದೇ. ಅಜ್ಜಿ, ಕೋಡಮ್ಮನಿಗೆ ಯಾರು ನೆಂಟರು, ಯಾರನ್ನು ಕಂಡರಾಗದು? ಒಕ್ಕಲಿಗೆ ಹೊರಗಿನವರು ಸೇರಬಹುದೋ? ಗಡಿಗೆ ಹೊರುವವರು ಏನನ್ನು ಬಿಡಬೇಕು? ಊರು ಬಿಟ್ಟು ಹೋದವರಿಗೆ ಏನಾಗುತ್ತದೆ?

ಅತ್ತೆ ಒಂದು ಗಂಟೆ ಹೇಳಿದರು. ಕೋಡಮ್ಮನು ಮೇಲಿನ ಕೆರೆಯ ಅಮ್ಮನಿಗೆ ತಂಗಿ. ಮೇಲಿನ ಕೆರೆ ತುಂಬುವ ತನಕ ಇವಳು ನೀರು ಕೇಳುವಂತಿಲ್ಲ. ಗಡಿಗೆ ಹೊರುವವರು ಆ ವರ್ಷ ಯಾರ ಮನೆಯಲ್ಲೂ ನೀರಿಗಾಗಿ ಜಗಳವಾಡಕೂಡದು. ಸೊಸೆಯಾಗಿ ಬಂದವಳು ಮೂರು ಕೋಡಿ ಕಂಡ ಮೇಲೆ ಒಕ್ಕಲಾಗುತ್ತಾಳೆ; ಮಗಳು ಮದುವೆಯಾಗಿ ಹೋದರೂ ಒಕ್ಕಲೇ. ನನ್ನ ಪ್ರಬಂಧದಲ್ಲಿ ಇದರಲ್ಲಿ ಒಂದು ಮಾತೂ ಇರಲಿಲ್ಲ. ಮಗನು ಆಟದ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದನು.

“ನಿನ್ನ ಆಟದಾಗಿನ ಅಮ್ಮಂಗೆ ಎಡೆ ಏನಪ್ಪಾ?” ಎಂದು ಅತ್ತೆ ಕೇಳಿದರು. ಅವನು ಐರಿಥಾಳ ವಿಷಯವನ್ನೂ, ಹುಲ್ಲು ಮೇಯುವ ಮನುಷ್ಯರ ವಿಷಯವನ್ನೂ ಹೇಳಿದನು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಅವಳು ನಮ್ಮ ಕೋಡಮ್ಮನ ಹಾಗೆಯೇ ಎಂದು ಮಾತ್ರ ಅವರು ಹೇಳಲಿಲ್ಲ.

ಬಳಿಕ, ಗಡಿಗೆಯನ್ನು ಕಲ್ಲಿನ ಮುಂದೆ ಇಳಿಸುವಾಗ ಬಾಯಲ್ಲಿ ಏನು ಹೇಳಿಕೊಳ್ಳುತ್ತೀರೆಂದು ಮಗ ಕೇಳಿದನು. ಅತ್ತೆ ಅವನ ಕಿವಿಯ ಹತ್ತಿರ ಬಾಗಿ ಹೇಳಿ, “ಇದನ್ನ ಬರ್ಕೋಬೇಡ ಕಣಪ್ಪ” ಎಂದರು. ಅವನು ಪೆನ್ಸಿಲನ್ನು ಜಗಲಿಯ ಮೇಲಿಟ್ಟನು. ನಾನು ಕೇಳಲಿಲ್ಲ, ಅವನೂ ನನಗೆ ಹೇಳಿಲ್ಲ.